ಅವಳು ಇಳಿಯುವವರೆಗೆ ಕರೆಂಟ್ ಇಲ್ಲ

"ಸಾಹೇಬ್ರ, ಗಿಡಾ ಕಡ್ಯಾಕತ್ತೀರೋ, ಅದರ ಮ್ಯಾಲ ಸಿಟ್ಟ ತೀರಿಸ್ಕೊಳ್ಳಾಕತ್ತೀರೋ?"

ಏಣಿಯ ಮೇಲಿದ್ದ ಲೈನ್‌ಮನ್ ಬಾಳೇಶ ಕೆಳಗೆ ನೋಡಿದ. ನಾಗನೂರಿನ ಓಣಿಯಲ್ಲಿ, ತಾನು ಅರ್ಧ ಬೋಳಿಸಿದ ಬೇವಿನ ಮರದ ಕೆಳಗೆ, ಹೆಲ್ಮೆಟ್ ಹಾಕಿದ ಹುಡುಗಿಯೊಬ್ಬಳು ನಿಂತಿದ್ದಳು. ಪಕ್ಕದ ಬೈಕಿಗೆ ಹಗ್ಗದ ಸುರುಳಿ, ಗರಗಸ ಕಟ್ಟಿದ್ದವು. ಕೈಯಲ್ಲಿ ಉದ್ದನೆಯ ಗಳ, ತುದಿಗೆ ಕೊಂಬೆ ಕತ್ತರಿಸುವ ಬ್ಲೇಡು.

"ಹಿಂಗ ನಟ್ಟ ನಡುವ ಕಡದ್ರ ಮೋಟ ಉಳೀತೈತಿ. ನೀರ ಕುಡದು ಒಳಗಿಂದ ಕೊಳೀತೈತಿ," ಎಂದಳು. "ಟೊಂಗಿ ಬುಡದಾಗ ಉಬ್ಬ ಐತಲ್ಲ, ಅದನ್ನ ಬಿಟ್ಟು ಹೊರಗ ಕೊಯ್ಯಬೇಕು. ಆಗ ಗಾಯ ತಾನ ಮುಚ್ಕೊಂತೈತಿ." ಉಬ್ಬು ಎಲ್ಲಿದೆ ಎಂದು ತೋರಿಸಲು ಗಳ ಎತ್ತಿದಳು.

"ಆತ್ರಿ, ಇನ್ನ ಹಂಗ ಕೊಯ್ತೇನಿ. ನಂದೊಂದ ಮಾತ ಕೇಳ್ತೀರೇನು?"

"ಹೇಳ್ರಿ."

"ನಿಮ್ಮ ಕೈಯಾಗಿರೂದು ಅಲ್ಯೂಮಿನಿಯಂ ಗಳ. ನಿಮ್ಮ ಹಿಂದಿರೂದು ಬ್ಯಾರೆ ಲೈನ್. ನಾ ಬಂದ್ ಮಾಡಿಸಿದ್ದು ಇದೊಂದು. ಅದು ಚಾಲೂ ಐತಿ. ಸಾವಕಾಶ ಕೆಳಗ ಇಳಸ್ರಿ."

ಅವಳು ಹಿಂದಿರುಗಿ ನೋಡಲಿಲ್ಲ. ಉಸಿರು ಬಿಗಿ ಹಿಡಿದು ಗಳವನ್ನು ನೆಲಕ್ಕೆ ತಂದಳು. ಆಮೇಲೆ ತಲೆ ಎತ್ತಿ ತಂತಿಯನ್ನೂ ಅವನನ್ನೂ ನೋಡಿದಳು. ಅವನು ನಗಬಹುದು ಎಂದುಕೊಂಡಿದ್ದಳು. ಅವನು ನಕ್ಕಿರಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

"ನಾ ನಿಮಗ ಗಿಡಾ ಹೇಳ್ತೇನಿ, ನೀವ ನನಗ ಕರೆಂಟ್ ಹೇಳ್ರಿ," ಎಂದಳು. "ಇಬ್ರೂ ಒಂದೀಟ ಹೆಚ್ಚ ಬದಕೋಣು."

ಅವಳ ಹೆಸರು ದೀಪಾ. ಊರು ಅಂಕಲಗಿ. ಕುರಿ ಕಾಯುವ ಮನೆತನ. ಆಡುಗಳಿಗೆ ಸೊಪ್ಪು ಸವರಲು ಬನ್ನಿ, ಬೇವು, ಜಾಲಿ ಹತ್ತಿಯೇ ಬೆಳೆದವಳು. ತೋಟಗಾರಿಕೆ ಡಿಪ್ಲೊಮಾ ಮುಗಿಸಿದ ಮೇಲೆ ಯಾರ ಕೈಕೆಳಗೂ ದುಡಿಯದೆ ಸ್ವಂತ ಕೆಲಸ ಶುರು ಮಾಡಿದ್ದಳು. ಕೆಲಸವೆಂದರೆ ಮರಗಳ ಚಿಕಿತ್ಸೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಎಲ್ಲಿ ಕರೆದರೂ ಬೈಕ್ ಹೋಗುತ್ತಿತ್ತು. ಕಟ್ಟಿಗೆಯ ಸುತ್ತಿಗೆಯಿಂದ ಕಾಂಡ ತಟ್ಟಿ, ಪೊಳ್ಳು ಎಲ್ಲಿದೆ ಎಂದು ಕಿವಿಯಿಂದ ಹುಡುಕುತ್ತಿದ್ದಳು. ಸಿಮೆಂಟ್ ಕಟ್ಟೆಯಲ್ಲಿ ಹೂತ ಬುಡ ಬಿಡಿಸುತ್ತಿದ್ದಳು. ಒಣ ಕೊಂಬೆ ಇಳಿಸುತ್ತಿದ್ದಳು. ಹತ್ತುವ ಮುನ್ನ ಹಗ್ಗವನ್ನು ಮೊಳ ಮೊಳ ಬೆರಳಲ್ಲಿ ಸವರಿ ನೋಡುವಳು. ಒಂದು ಎಳೆ ಹರಿದಿದ್ದರೂ ಆ ಹಗ್ಗ ಅಂದಿನಿಂದಲೇ ಆಡು ಕಟ್ಟಲು ಮಾತ್ರ.

ಕೆಳಗೆ ನಿಲ್ಲುವವಳು ತಾಯಿ ಯಲ್ಲಕ್ಕ. ಕೊಯ್ದ ಕೊಂಬೆ ಧೊಪ್ಪನೆ ಬೀಳದಂತೆ ಅದಕ್ಕೆ ಕಟ್ಟಿದ ಹಗ್ಗವನ್ನು ಕಾಂಡಕ್ಕೆ ಸುತ್ತಿ, ಸ್ವಲ್ಪ ಸ್ವಲ್ಪವೇ ಸಡಿಲಿಸುವ ಕೆಲಸ ಅವಳದು.

"ಮೊದಲ ಕುರಿ ಹಿಡೀತಿದ್ದೆ, ಈಗ ಟೊಂಗಿ ಹಿಡೀತೇನಿ," ಎನ್ನುವಳು ಯಲ್ಲಕ್ಕ. "ಟೊಂಗಿ ಛಲೋ. ಒದಿಯಂಗಿಲ್ಲ."

ತಂತಿಯ ಬಳಿಯ ಮರವಾದರೆ ಲೈನ್ ಬಂದ್ ಆಗಲೇಬೇಕು. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಎಲ್ಲರ ಬಾಯಲ್ಲಿ ಅದು ಎಲ್.ಸಿ. ಅದರ ನಿಯಮ ಒಂದೇ. ಯಾರ ಹೆಸರಿನಲ್ಲಿ ಎಲ್.ಸಿ. ಪಡೆದಿದೆಯೋ ಅವರೇ ಅದನ್ನು ವಾಪಸ್ ಕೊಡಬೇಕು. ಅವರು ಕೊಡುವವರೆಗೆ ಸಬ್‌ಸ್ಟೇಷನ್‌ನಲ್ಲಿ ಯಾರೂ ಸ್ವಿಚ್ ಮುಟ್ಟುವಂತಿಲ್ಲ. ನಾಗನೂರಿನ ಸುತ್ತ ದೀಪಾ ಮರ ಹತ್ತಿದಾಗಲೆಲ್ಲ ಎಲ್.ಸಿ. ಬಾಳೇಶನ ಹೆಸರಿನಲ್ಲಿರುತ್ತಿತ್ತು.

ಅವನು ಬರುತ್ತಿದ್ದ, ತಪ್ಪಿ ಕರೆಂಟ್ ಬಂದರೂ ನೆಲಕ್ಕಿಳಿಯುವಂತೆ ತಂತಿಗೆ ಅರ್ಥಿಂಗ್ ರಾಡ್ ಸಿಕ್ಕಿಸುತ್ತಿದ್ದ, ಕಂಬಕ್ಕೊರಗಿ ಮೇಲೆ ನೋಡುತ್ತ ನಿಲ್ಲುತ್ತಿದ್ದ.

"ನೀವು ಮೊದಲ ಲೈನ್ ನೋಡ್ತೀರಿ, ಆಮ್ಯಾಲ ನನ್ನ ನೋಡ್ತೀರಿ," ಎಂದಳು ಒಮ್ಮೆ, ಕೊಂಬೆಯ ಮೇಲೆ ಕಾಲು ಇಳಿಬಿಟ್ಟು.

"ಲೈನ್ ಕೈ ಕೊಟ್ರ ನಿಮ್ಮನ್ನ ನೋಡಾಕ ಆಗಂಗಿಲ್ಲಲ್ಲ."

ಅವಳು ಎಲೆಗಳ ಮರೆಗೆ ಸರಿದಳು. ಮುಖದ ಮೇಲೆ ಮರಪುಡಿ ಇದ್ದದ್ದು ಒಳ್ಳೆಯದಾಯಿತು, ಕೆಂಪಾದದ್ದು ಕಾಣಲಿಲ್ಲ. ಕೆಳಗಿನಿಂದ ಯಲ್ಲಕ್ಕ ಕೂಗಿದಳು. "ಗರಗಸ ಯಾಕ ನಿಂತತಿ? ಬ್ಯಾಟರಿ ಹೋತೇನು? ಇಲ್ಲಾ ಬ್ಯಾರೆ ಏನರ ಹೋತೇನು?"

ಹತ್ತರಗಿಯಲ್ಲಿ ಹೆದ್ದಾರಿ ಪಕ್ಕದ ಆಲದ ಮರಕ್ಕೆ ಚಿಕಿತ್ಸೆ ಮಾಡಲು ಅವಳು ಹೋದ ದಿನ ಬಾಳೇಶನಿಗೆ ರಜೆ. ಆ ಊರಿನ ಲೈನ್‌ಗೂ ಅವನಿಗೂ ಸಂಬಂಧವಿರಲಿಲ್ಲ. ಆದರೂ ಬಂದಿದ್ದ. ಕೆಲಸ ಮುಗಿದ ಮೇಲೆ ಚಹಾದಂಗಡಿಯ ಬೆಂಚಿನಲ್ಲಿ ಕೂತರು. ಇಬ್ಬರ ನಡುವೆ ಅವಳ ಹಗ್ಗದ ಚೀಲ ಇತ್ತು. ಅದನ್ನು ಯಾರೂ ಸರಿಸಲಿಲ್ಲ.

"ಗೋಕಾಕದಾಗ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಸುಮ್ಕ ಮದಿವಿಗೆ ಸಹಿ ಮಾಡಿ ಬರೋಣು," ಎಂದ ಬಾಳೇಶ. "ಆಮ್ಯಾಲ ಅಪ್ಪಗ ಹೇಳಿದ್ರಾತು."

"ಸುಮ್ಕ ಯಾಕ? ನಾವೇನ ಕಳವು ಮಾಡೇವಿ?"

"ಅಪ್ಪ ನಿನಗ ಗೊತ್ತಿಲ್ಲ. ನಮ್ಮ ಮಂದಿ ಅಲ್ಲ ಅಂತಾನ. ಕುರಿ ಕಾಯೋರ ಹುಡುಗಿ, ಗಿಡಾ ಹತ್ತಾಕಿ ಅಂತಾನ."

"ಎರಡೂ ಖರೆ ಐತಿ. ಅದರಾಗ ಬೈಗಳ ಯಾವ್ದು?"

ಅವನು ಬಸಿಯಲ್ಲಿ ಉಳಿದ ಚಹಾ ನೋಡಿದ.

"ಗಿಡದ ಬುಡಕ ನನ್ನ ಸಂಗಾಟ ನಿಂದರ್ತೀರಿ," ಎಂದಳು ದೀಪಾ. ದನಿ ಏರಿರಲಿಲ್ಲ. "ಊರ ನಡುವ ನಿಂದರ್ತೀರೇನು? ನಾಲ್ಕ ಮಂದಿ ಮುಂದ ನಿಮ್ಮಪ್ಪಗ ಹೇಳ್ರಿ, ಆಮ್ಯಾಲ ನನ್ನ ಕೇಳ್ರಿ. ಆಗಂಗಿಲ್ಲಾಂದ್ರ ಇನ್ನ ಮ್ಯಾಲ ಬ್ಯಾರೆ ಲೈನ್‌ಮನ್‌ನ ಕಳಸ್ರಿ."

ಚೀಲ ಹೆಗಲಿಗೇರಿಸಿ ಬೈಕ್ ಹತ್ತಿದಳು. ಅವನು ಕರೆಯುತ್ತಾನೇನೋ ಎಂದು ಹೆದ್ದಾರಿ ಸೇರುವವರೆಗೂ ಗೇರ್ ಏರಿಸಲಿಲ್ಲ. ಅವನು ಕರೆಯಲಿಲ್ಲ.

ಮುಂದಿನ ಕೆಲಸ ನಾಗನೂರಿನ ಶಿವಗಂಗವ್ವನ ಮನೆಯ ಹುಣಸೆ ಮರ. ಛಾವಣಿಯ ಮೇಲೆ ಚಾಚಿದ ದೊಡ್ಡ ಕೊಂಬೆ ಗಾಳಿಗೆ ಸೀಳಿತ್ತು. ಮರದ ಇನ್ನೊಂದು ಮಗ್ಗುಲಿಗೆ ದೊಡ್ಡ ಲೈನ್. ಬೇರೆ ಲೈನ್‌ಮನ್ ಬರಬಹುದು ಎಂದು ದೀಪಾ ಮನಸ್ಸು ಗಟ್ಟಿ ಮಾಡಿಕೊಂಡು ಹೋದಳು. ಕಂಬದ ಬಳಿ ಬಾಳೇಶನೇ ನಿಂತಿದ್ದ.

"ಎಲ್.ಸಿ. ಆಗೇತಿ. ಹತ್ರಿ," ಎಂದ. ಅಷ್ಟೇ.

ದೀಪಾ ಅವನತ್ತ ನೋಡದೆ ಚೀಲ ಬಿಚ್ಚಿದಳು. ಸೊಂಟಕ್ಕೆ ಹಾರ್ನೆಸ್ ಬಿಗಿದು, ಹಗ್ಗ ಎಸೆದು, ಮೇಲೇರಿದಳು. ಮನೆಯವರನ್ನೆಲ್ಲ ಮೊದಲೇ ಹೊರಗೆ ಕಳಿಸಿದ್ದಾಗಿತ್ತು. ಸೀಳಿದ ಕೊಂಬೆಯನ್ನು ಅಗಲವಾದ ಪಟ್ಟಿಯಿಂದ ಮೇಲಿನ ಗಟ್ಟಿ ಕವಲಿಗೆ ಬಿಗಿದು, ತುದಿಯಿಂದ ತುಂಡು ತುಂಡಾಗಿ ಇಳಿಸುತ್ತ ಬಂದಳು. ಬುಡದ ಹತ್ತಿರ ಬಂದಾಗ ಕೈ ನಿಂತಿತು. ಸೀಳು ಅವಳು ಕೆಳಗಿನಿಂದ ಅಂದಾಜು ಮಾಡಿದ್ದಕ್ಕಿಂತ ಆಳವಾಗಿತ್ತು. ಕೊಂಬೆ ದಾಟಿ ಕಾಂಡದೊಳಗೇ ಇಳಿದಿತ್ತು. ಒಮ್ಮೆಗೇ ಕೊಯ್ದರೆ ಕಾಂಡವೂ ಹರಿಯುತ್ತದೆ. ಮರವೂ ಹೋಗುತ್ತದೆ, ಛಾವಣಿಯೂ ಹೋಗುತ್ತದೆ.

"ಯವ್ವಾ, ಲೆಕ್ಕ ತಪ್ಪೇತಿ!" ಎಂದು ಕೂಗಿದಳು. "ಇನ್ನೊಂದ ಪಟ್ಟಿ ಕಳಸು. ತಾಸಿನಾಗ ಮುಗಿಯಂಗಿಲ್ಲ."

ತಾಸಿನೊಳಗೆ ಕರೆಂಟ್ ಬರುತ್ತದೆ ಎಂದು ಊರಿಗೆ ಹೇಳಿಯಾಗಿತ್ತು. ಆ ತಾಸು ಮೀರಿತು. ಹುಣಸೆ ಮರದ ಎದುರಿಗಿರುವುದು ಊರಿನ ಹಿಟ್ಟಿನ ಗಿರಣಿ. ಅದರ ಮಾಲೀಕ ವೀರಪ್ಪ, ಬಾಳೇಶನ ಅಪ್ಪ. ಜೋಳ, ಗೋಧಿ ತುಂಬಿದ ಡಬ್ಬಿಗಳು ಬಾಗಿಲವರೆಗೆ ಸಾಲಾಗಿ ಪಾಳಿಯಲ್ಲಿದ್ದವು. ಡಬ್ಬಿಗಳ ಒಡತಿಯರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಗೊಣಗುತ್ತಿದ್ದರು. ವೀರಪ್ಪ ಹೆಗಲ ಮೇಲಿನ ಹಿಟ್ಟು ಝಾಡಿಸುತ್ತ ಹೊರಬಂದ.

"ಬಾಳ್ಯಾ, ಕರೆಂಟ್ ಬಿಡಸು."

"ಮ್ಯಾಲ ಕೆಲಸಾ ನಡದೈತಿ, ಅಪ್ಪಾ."

"ಆಕಿನ್ನ ಇಳಸು. ಮಧ್ಯಾಹ್ನ ಮತ್ತ ಹತ್ತಲಿ. ಮಂದಿ ಮುಂಜಾನಿಂದ ಕುಂತೈತಿ."

ಮೇಲಿನಿಂದ ದೀಪಾ ಉತ್ತರಿಸಿದಳು. "ಅರ್ಧಾ ಬಿಟ್ಟ ಇಳದ್ರ ಈ ಅವ್ವನ ಮನಿ ಮ್ಯಾಲ ಟೊಂಗಿ ಬೀಳತೈತ್ರಿ!"

"ನಿನ್ನ ಯಾರ ಕೇಳ್ಯಾರ?" ವೀರಪ್ಪ ತಲೆ ಎತ್ತಲೂ ಇಲ್ಲ. ಕಿಸೆಯಿಂದ ಫೋನ್ ತೆಗೆದ. ಸೆಕ್ಷನ್ ಆಫೀಸರ್ ಅವನಿಗೆ ಪರಿಚಿತ. ಎರಡು ಮಾತಾಡಿ ಫೋನನ್ನು ಮಗನ ಮುಂದೆ ಹಿಡಿದ. "ಸಾಹೇಬ್ರ ಅದಾರ. ಮಾತಾಡು."

ಬಾಳೇಶ ಸ್ಪೀಕರ್ ಒತ್ತಿದ. "ಸರ್, ಎಲ್.ಸಿ. ನನ್ನ ಹೆಸರಿನ್ಯಾಗ ಐತಿ. ಮ್ಯಾಲ ಮನಷ್ಯಾರ ಅದಾರ. ಇಳಿಯೂತನಕ ನಾ ವಾಪಸ್ ಕೊಡಂಗಿಲ್ಲ."

"ಕೊಡಬ್ಯಾಡ," ಎಂದಿತು ಫೋನ್. "ನೀ ಹೇಳಿದ ಮ್ಯಾಲನ ಕರೆಂಟ್. ವೀರಪ್ಪಣ್ಣಾರ, ನಮ್ಮ ರೂಲ್ ಅದರೀ."

ಗುಂಪಿನಲ್ಲಿ ಯಾರೋ ನಕ್ಕರು. ವೀರಪ್ಪನ ಕಿವಿ ಕೆಂಪಾಯಿತು.

"ಊರ ಕತ್ತಲ್ಯಾಗಿಟ್ಟು ಒಬ್ಬಾಕಿ ಸಲುವಾಗಿ ನಿಂತೀಯಲ್ಲ. ನಿನಗ ಯಾರ ಆಕಿ? ಹೇಳ ನೋಡೂಣು, ಯಾರ?"

ಅದು ಉತ್ತರಕ್ಕಾಗಿ ಕೇಳಿದ ಪ್ರಶ್ನೆಯಲ್ಲ. ಬಾಯಿ ಮುಚ್ಚಿಸಲು ಕೇಳಿದ್ದು. ಬಾಳೇಶ ಫೋನನ್ನು ಅಪ್ಪನ ಕೈಗೆ ವಾಪಸ್ಸಿಟ್ಟ. 

"ನಾ ಮದಿವಿ ಆಗಬೇಕಂದಾಕಿ, ಅಪ್ಪಾ. ಆಕಿ ಹೂಂ ಅಂದ್ರ ಆಕಿನ್ನ ಆಗತೇನಿ. ಇಲ್ಲಾಂದ್ರ ಯಾರ್ನೂ ಆಗಂಗಿಲ್ಲ."

ಸೆರಗು ಬೀಸುತ್ತಿದ್ದ ಕೈಗಳು ನಿಂತವು. ಮೇಲೆ ದೀಪಾ ಗರಗಸದ ಗುಂಡಿಯಿಂದ ಬೆರಳು ತೆಗೆದಳು. ಕಣ್ಣು ಮಂಜಾದಾಗ ಕೊಯ್ಯಬಾರದು.

ಕೆಳಗೆ ಹಗ್ಗ ಹಿಡಿದ ಯಲ್ಲಕ್ಕ ಮಾತ್ರ ಮಾತಾಡಿದಳು. "ಮಗಳ, ಕೇಳಿಸ್ತೇನು?"

"ಕೇಳಿಸ್ತು."

"ಹಂಗಾರ ಗಟ್ಟಿ ಕುಂದರು. ಮೊದಲ ಟೊಂಗಿ, ಆಮ್ಯಾಲ ಅಳಿಯ."

ವೀರಪ್ಪ ಮಗನ ಹತ್ತಿರ ಬಂದ. "ಇವತ್ತ ಮನಿ ಕಡೆ ಬರಬ್ಯಾಡ."

"ಬರತೇನಿ. ಬಾಗಲಾ ಹಾಕೂದು ನಿಮಗ ಬಿಟ್ಟಿದ್ದು."

ವೀರಪ್ಪ ಗಿರಣಿಯೊಳಗೆ ಹೋದ.

ದೀಪಾ ಕಣ್ಣೊರೆಸಿಕೊಂಡು ಕಾಂಡದ ಸೀಳಿನ ಸುತ್ತ ಎರಡನೆಯ ಪಟ್ಟಿ ಬಿಗಿದಳು. ಮೊದಲು ಕೆಳಗಿನಿಂದ ಒಂದು ಸಣ್ಣ ಕೊಯ್ತ, ಆಮೇಲೆ ಮೇಲಿನಿಂದ. ತೊಗಟೆ ಸುಲಿಯದಂತೆ ಕೊಂಬೆ ಕಾಂಡದಿಂದ ಬಿಟ್ಟುಕೊಂಡು ಹಗ್ಗಕ್ಕೆ ಜೋತುಬಿತ್ತು. ಭಾರಕ್ಕೆ ಯಲ್ಲಕ್ಕ ಒಂದು ಹೆಜ್ಜೆ ಮುಂದೆ ಜಾರಿದಳು. ಬಾಳೇಶ ಓಡಿ ಬಂದು ಅವಳ ಹಿಂದೆ ಹಗ್ಗ ಹಿಡಿದ. ಶಿವಗಂಗವ್ವನ ಅಂಗಳಕ್ಕೆ ಕೊಂಬೆ ಮೆಲ್ಲಗೆ ಇಳಿಯಿತು. ಹೆಂಚೊಂದೂ ಅಲುಗಲಿಲ್ಲ. ಕಾಂಡದ ಸೀಳಿನ ಬಳಿ ಹಾಕಿದ ಪಟ್ಟಿಯನ್ನು ದೀಪಾ ಅಲ್ಲೇ ಉಳಿಸಿದಳು. ಮುಂದಿನ ಮಳೆಗಾಲದವರೆಗೆ ಮರ ತನ್ನನ್ನು ತಾನು ಹಿಡಿದುಕೊಳ್ಳುವುದನ್ನು ಕಲಿಯಬೇಕು.

ಅವಳು ಇಳಿದಳು. ಬಾಳೇಶ ರಾಡ್ ತೆಗೆದು ಎಲ್.ಸಿ. ವಾಪಸ್ ಕೊಟ್ಟ. ಎದುರಿಗೆ ಗಿರಣಿ ಗರ್ರನೆ ಶುರುವಾಯಿತು.

"ನಡೀರಿ," ಎಂದಳು ದೀಪಾ.

"ಎಲ್ಲಿಗೆ?"

"ನಿಮ್ಮಪ್ಪನ ಕಡೆ. ಮನಿ ಬಾಗಲಾ ಹಾಕಿರಬಹುದು. ಗಿರಣಿ ಬಾಗಲಾ ತಗದೈತಿ."

ತಲೆಗೂದಲಲ್ಲಿ ಮರಪುಡಿ, ಸೊಂಟದಲ್ಲಿ ಹಾರ್ನೆಸ್. ಹಾಗೆಯೇ ರಸ್ತೆ ದಾಟಿದಳು; ಬಾಳೇಶ ಹಿಂದೆಯೇ ಬಂದು ಗಿರಣಿಯ ಬಾಗಿಲಲ್ಲಿ ನಿಂತ. ನಾಗನೂರಿನ ಗಿರಣಿಯಲ್ಲಿ ಡಬ್ಬಿ ಇಟ್ಟವರಿಗೆ ಪಾಳಿ ಉಂಟು. ಯಾರ ಮನೆಯವರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅವಳ ಬಳಿ ಡಬ್ಬಿ ಇರಲಿಲ್ಲ. ಹೆಲ್ಮೆಟ್ ಬಿಚ್ಚಿ ಕೊನೆಯ ಡಬ್ಬಿಯ ಹಿಂದೆ ಇಟ್ಟಳು. ಅದರ ಪಕ್ಕ ನೆಲದ ಮೇಲೆ ಕೂತಳು.

ಪಾಳಿ ಸರಿಯುತ್ತ ಹೋಯಿತು. ಡಬ್ಬಿಯೊಂದು ಖಾಲಿಯಾದಾಗಲೆಲ್ಲ ಪಕ್ಕದ ಹೆಂಗಸು ತನ್ನ ಡಬ್ಬಿಯ ಜೊತೆ ಹೆಲ್ಮೆಟ್ಟನ್ನೂ ಮುಂದೆ ನೂಕುತ್ತಿದ್ದಳು. ಕೊನೆಗೆ ಅದು ವೀರಪ್ಪನ ಕಾಲ ಬಳಿ ಬಂದು ನಿಂತಿತು.

"ಇದೇನು?"

"ನನ್ನ ಪಾಳಿರಿ, ಮಾವ."

"ಯಾರ ಮಾವ?"

"ನೀವು."

ಅವನು ಅವಳನ್ನು ಮೊದಲ ಬಾರಿ ನೇರವಾಗಿ ನೋಡಿದ. "ಮದಿವಿ ಆದ ಮ್ಯಾಲೂ ಗಿಡಾ ಹತ್ತತಿ?"

"ಹತ್ತತೇನ್ರಿ."

"ನಾ ಬ್ಯಾಡಂದ್ರ?"

"ಹತ್ತತೇನಿ. ಇವರು ಬ್ಯಾಡಂದ್ರೂ ಹತ್ತತೇನಿ."

ವೀರಪ್ಪ ಹೆಲ್ಮೆಟ್ ಎತ್ತಿದ. ಹೊರಗೆ ಎಸೆಯುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಅವನು ಅದನ್ನು ಒಯ್ದು ಪಾಳಿಯ ಕೊನೆಗೆ, ಹೊಸದಾಗಿ ಬಂದ ಡಬ್ಬಿಗಳ ಹಿಂದೆ ಇಟ್ಟು ಬಂದ.

ದೀಪಾ ಎದ್ದು ಅಲ್ಲಿಗೇ ಹೋಗಿ ಕೂತಳು. ಬಾಳೇಶನೂ ಹೋಗಿ, ಅಪ್ಪನಿಗೆ ಕಾಣುವಂತೆ, ಅವಳ ಪಕ್ಕದಲ್ಲಿ ಕೂತ.

"ಈಗ ಕೇಳ್ರಿ," ಎಂದಳು.

"ಆಂ?" ಗಿರಣಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

"ನಿಮ್ಮಪ್ಪಗ ಹೇಳೀರಿ. ನನ್ನ ಎಲ್ಲಿ ಕೇಳೀರಿ?"

ಅವನು ಅವಳತ್ತ ತಿರುಗಿದ. ಮೆತ್ತಗೆ ಹೇಳುವ ಮಾತು ಅದು. ಆದರೆ ಆ ಸದ್ದಿನಲ್ಲಿ ಕೂಗದೆ ಉಪಾಯವಿರಲಿಲ್ಲ.

"ದೀಪಾ, ನನ್ನ ಮದಿವಿ ಆಗತೀಯೇನು?"

"ಹೂಂ!" ಎಂದಳು ಅವಳು, ಅವನಿಗಿಂತ ಜೋರಾಗಿ. ಹಿಟ್ಟಿನ ಧೂಳಿನಲ್ಲಿ ಬೆಳ್ಳಗಾದ ಮುಖಗಳೆಲ್ಲ ಅವರತ್ತ ತಿರುಗಿದವು. ಅವಳು ಅವನ ಕೈಯನ್ನು ಎಲ್ಲರೆದುರು ತನ್ನ ಮಡಿಲಿಗೆ ಎಳೆದುಕೊಂಡಳು. ವೀರಪ್ಪ ತಿರುಗಿ ನೋಡಲಿಲ್ಲ. ಮುಂದಿನ ಡಬ್ಬಿಯ ಜೋಳವನ್ನು ಗಿರಣಿಗೆ ಸುರಿದ. ಪಾಳಿ ಒಂದು ಡಬ್ಬಿಯಷ್ಟು ಮುಂದೆ ಸರಿಯಿತು, ಜೊತೆಗೆ ಹೆಲ್ಮೆಟ್ಟೂ.