ಕೆಂಬರೆಯ ಮಂತ್ರಿಮಂಡಲ ಹುಟ್ಟಿದ್ದು ಹೀಗೆ

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಕೆಂಬರೆ ಎಂಬ ರಾಜ್ಯವಿತ್ತು. ಅಲ್ಲಿ ಆಜ್ಞೆ ಕೊಡುವವನು ರಾಜನೊಬ್ಬನೇ. ಎಡವಟ್ಟಾಗಿದ್ದೇ ಅಲ್ಲಿ ನೋಡಿ! ಜಂಬುಕನೆಂಬ ಮಾಂತ್ರಿಕ ಅವರ ನದಿಗೆ ಒಡ್ಡು ಕಟ್ಟಿ ನೀರು ಹಿಡಿದಿಟ್ಟಿದ್ದ. ಒಡ್ಡು ಒಡೆಯಲು ಹೇಳಿದವನ ಹೆಸರು ಹಿಡಿದು ಮಂತ್ರ ಹಾಕಿದರೆ ಸಾಕು, ಅವನು ಕಲ್ಲು. ಆದರೆ ಮೂರು ಸಲ ಕೇಳಿಯೂ ಹೆಸರು ಸಿಗದಿದ್ದರೆ ಮಂತ್ರ ಜಂಬುಕನಿಗೇ ತಿರುಗುತ್ತಿತ್ತು. ಅಜ್ಜ ಕಲ್ಲಾದ, ಅಪ್ಪ ಕಲ್ಲಾದ, ಅಣ್ಣನೂ ಕಲ್ಲಾದ. ಉಳಿದವಳು ರಾಣಿ ನಾಗಲಾಂಬೆ.

ಆಕೆ ಸೇನೆಗೆ ಕೆಂಚರಸ, ನೀರಿಗೆ ಸಿಂಗಾಂಬೆ, ಕಣಜಕ್ಕೆ ಬೊಮ್ಮರಸ ಎಂದು ಮಂತ್ರಿಗಳನ್ನು ನೇಮಿಸಿದಳು.

"ಬಾಗಿಲು ಹಾಕಿಕೊಂಡು ಎಷ್ಟು ಬೇಕಾದರೂ ಜಗಳವಾಡಿ. ಹೊರಗೆ ಬಂದ ಮೇಲೆ ತೀರ್ಮಾನ ಎಲ್ಲರದು, ನಾನೂ ಸೇರಿ."

ಒಳಗೆ ಮಿಕ್ಕವರೆಲ್ಲ ಒಡ್ಡು ಒಡೆಯೋಣವೆಂದರು. ಬೊಮ್ಮರಸ ಮಾತ್ರ ಗಂಟಲು ಹರಿಯುವಂತೆ ಬೇಡವೆಂದ. ಸೇನೆಯಲ್ಲಿ ಅವನ ಒಬ್ಬನೇ ಮಗನಿದ್ದ, ಪಾಪ. ಅವನ ಮಾತು ನಡೆಯಲಿಲ್ಲ. ಸೇನೆ ಹೊರಟಿತು.

ಜಂಬುಕ ಹುಲಿಯಾಗಿ ಕೆಂಚರಸನ ಮೇಲೆರಗಿದ. "ಯಾರ ಆಜ್ಞೆ?"

"ನಮ್ಮೆಲ್ಲರದು."

ಹೆಬ್ಬಾವಾಗಿ ಸಿಂಗಾಂಬೆಯನ್ನು ಸುತ್ತಿಕೊಂಡ. "ಯಾರ ಆಜ್ಞೆ?"

"ಎಷ್ಟು ಸಲ ಹೇಳೋದಯ್ಯಾ? ನಮ್ಮೆಲ್ಲರದು!"

ಮೂರನೆಯ ಸಲ ಮನುಷ್ಯನಾಗಿಯೇ ಬೊಮ್ಮರಸನ ಬಳಿ ಬಂದು ಬೆಣ್ಣೆಯಂತೆ ಮಾತಾಡಿದ. "ನೀನು ಬೇಡವೆಂದು ಕೂಗಿದ್ದು ಬೆಟ್ಟದವರೆಗೂ ಕೇಳಿಸಿತು. ನಿನ್ನ ಮಗ ನನ್ನ ಕೈಯಲ್ಲಿದ್ದಾನೆ. ಒಂದು ಹೆಸರು ಹೇಳು, ಬಿಟ್ಟುಬಿಡುತ್ತೇನೆ."

ಬೊಮ್ಮರಸನ ಕಣ್ಣಲ್ಲಿ ನೀರು ಬಂತು. ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಆದರೂ ಎದೆ ಸೆಟೆದು ನಿಂತ.

"ಒಳಗೆ ಬೇಡ ಅಂದವನು ನಾನೇ. ಈಗ ಅದು ನನ್ನ ಆಜ್ಞೆಯೂ ಹೌದು. ನಮ್ಮೆಲ್ಲರದು, ಹೋಗೋ!"

ಅಬ್ಬಾ, ಎಂಥ ಮಾತು! ಮಂತ್ರ ತಿರುಗಿತು. ಜಂಬುಕ ನಿಂತಲ್ಲೇ ಕಲ್ಲಾದ. ಒಡ್ಡು ಒಡೆದು ನದಿ ಧುಮುಕಿತು. ಕಲ್ಲಾಗಿದ್ದ ಮೂವರು ರಾಜರೂ ಮೈಮುರಿದು ಎದ್ದರು. ಬೊಮ್ಮರಸನ ಮಗ ನೆನೆದ ಬಟ್ಟೆಯಲ್ಲೇ ಓಡಿಬಂದು ಅಪ್ಪನನ್ನು ತಬ್ಬಿಕೊಂಡ.

ಮರುದಿನವೇ ನೀರು ಮೊದಲು ಯಾವ ಊರಿಗೆ ಬಿಡಬೇಕೆಂದು ಮಂತ್ರಿಗಳು ಮತ್ತೆ ಬಾಗಿಲು ಹಾಕಿಕೊಂಡರು. ಬೊಮ್ಮರಸನ ಕೂಗು ಬೀದಿಗೆಲ್ಲ ಕೇಳಿಸಿತು. ಕೆಂಬರೆಯ ಜನ ಬಿಂದಿಗೆ ತುಂಬಿಕೊಳ್ಳುತ್ತಾ, "ಕೂಗ್ತಿರೋದು ನಮ್ಮ ಮಂತ್ರಿ ಕಣ್ರೀ" ಎಂದು ದಾರಿಹೋಕರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಸುಖವಾಗಿ ಬಾಳಿದರು.