ವಾಟಿಯ ಸ್ನಾನದ ನೀರು

ನಮ್ಮೂರು ಕರ್ಕ್‌ಲೋನ್‌ನ ಕಲ್ಲಿದ್ದಲ ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಗಣಿಯವರ ಸಾಲುಮನೆಗಳಲ್ಲಿ ಎಡಿನ್‌ಬರೋಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವ ನನ್ನಂಥವರೇ ಇದ್ದರು. ಪಕ್ಕದ ಮನೆಯ ನೆಟ್ಟಿ ಅಜ್ಜಿ ಮಾತ್ರ ಹಳಬಳು. ಅವಳ ಗಂಡ ವಾಟಿ, ಗಣಿಗೆ ನೀರು ನುಗ್ಗಿದ ದಿನ ಒಳಗೇ ಉಳಿದವನು, ಹೆಣವೂ ಸಿಕ್ಕಿರಲಿಲ್ಲ.

ಡಿಸೆಂಬರಿನ ಒಂದು ಸಂಜೆ ನಾನು ರೈಲಿಳಿದು ಬರುತ್ತಿದ್ದಾಗ ಅಜ್ಜಿ ಬಾಗಿಲಿಂದಲೇ ಕರೆದಳು. "ಐಲ್ಸಾ, ಬಿಸಿನೀರು ಸ್ವಲ್ಪ ಹಾಕ್ಕೊಡೆ. ಕೈ ನಡುಗುತ್ತೆ."

ಒಳಗೆ ಒಲೆ ನಿಗಿನಿಗಿ ಉರಿಯುತ್ತಿದ್ದರೂ ಕೋಣೆಯಲ್ಲಿ ಚಳಿ ಕೊರೆಯುತ್ತಿತ್ತು. ಒದ್ದೆ ಕಲ್ಲಿದ್ದಲಿನ ವಾಸನೆ ಮೂಗಿಗೆ ಬಡಿಯಿತು. ಒಲೆಯ ಮುಂದೆ, ಹಿಂದೆಲ್ಲ ಗಣಿಯವರು ಕೆಲಸದಿಂದ ಬಂದು ಮೈಯ ಮಸಿ ತೊಳೆಯುತ್ತಿದ್ದಂಥ ತಗಡಿನ ತೊಟ್ಟಿಯಿತ್ತು; ಅದಕ್ಕೆ ಅರ್ಧದಷ್ಟು ನೀರು ಸುರಿದೆ.

"ಯಾರಿಗಜ್ಜಿ ಸ್ನಾನ?"

"ಪಟ್ಟಣದ ಕೆಲಸ ಮಾಡಿ ಮಾಡಿ ಕಣ್ಣೂ ಮಂಜಾಯ್ತಾ? ಸರ್ಕೊಳ್ಳೆ, ಅವ್ರು ಇಳೀಲಿ."

ಸರಿದು ನಿಂತೆ. ಯಾರೂ ಬರಲಿಲ್ಲ. ಆದರೆ ನನ್ನ ಕಣ್ಣೆದುರೇ ತೊಟ್ಟಿಯ ನೀರು ಮೆಲ್ಲಗೆ ಮೇಲೇರಿ, ಅಂಚು ದಾಟಿ ನೆಲಕ್ಕೆ ಚೆಲ್ಲಿತು. ಅಜ್ಜಿ ಮಂಡಿಯೂರಿ, ಸೋಪಿನ ಬಟ್ಟೆಯಿಂದ ಗಾಳಿಯನ್ನು ಉಜ್ಜತೊಡಗಿದಳು.

"ಬೆನ್ನು ಎಷ್ಟು ತಣ್ಣಗಿದೆ ನೋಡೆ," ಎಂದು ಅತ್ತಳು.

ನನಗೆ ಓಡಿಹೋಗಬೇಕೆನಿಸಿತು. ಅವಳನ್ನು ಹಾಗೆ ಬಿಟ್ಟು ಹೋಗಲಾರದೆ ಇನ್ನೊಂದು ಪಾತ್ರೆ ಬಿಸಿನೀರು ಸುರಿದೆ. ಅದು ನೇರವಾಗಿ ಬೀಳಲಿಲ್ಲ. ಎರಡು ಭುಜಗಳ ಮೇಲಿಂದ ಇಳಿಯುವಂತೆ ಕವಲೊಡೆದು ಹರಿಯಿತು. ತೊಟ್ಟಿ ಮುಟ್ಟುವಷ್ಟರಲ್ಲಿ ಕಪ್ಪಾಗಿತ್ತು.