ಆಟೀನಿನ ಸಾಲಿನಲ್ಲೊಂದು ಡೈಮಂಡ್

ಪೆಟ್ಟಿಗೆಯ ಮೊಹರು ಹರಿದಿತ್ತು.

ಬೆಳಿಗ್ಗೆ ಒಂಬತ್ತು ಗಂಟೆ. ಹನ್ನೊಂದಕ್ಕೆ ಬ್ರಿಜ್ ವಿಶ್ವಕಪ್ಪಿನ ಅಂತಿಮ ಪಂದ್ಯ. ಅದಕ್ಕೆಂದು ಯಂತ್ರ ಹಂಚಿಟ್ಟ ಇಸ್ಪೀಟೆಲೆಗಳು ಆ ಪೆಟ್ಟಿಗೆಯಲ್ಲಿದ್ದವು — ಮೂವತ್ತೆರಡು ಹಲಗೆ, ಹಲಗೆಗೆ ನಾಲ್ಕು ಗೂಡು, ಗೂಡಿಗೆ ಹದಿಮೂರು ಎಲೆ. ಆಟ ಶುರುವಾಗುವವರೆಗೆ ಅವುಗಳ ಮುಖವನ್ನು ಯಾರೂ ನೋಡುವಂತಿಲ್ಲ.

"ನಾನು ಈಗ ಬಂದೆ. ಬಂದಾಗಲೇ ಹೀಗಿತ್ತು," ಎಂದರು ಕೋಣೆ ನೋಡಿಕೊಳ್ಳುವ ಮುದುಕರು. ಮೂವತ್ತು ವರ್ಷದಿಂದ ಹಲಗೆ ತುಂಬಿ ಮೊಹರು ಹಾಕುವ ಕೆಲಸ ಅವರದೇ. ವಿಶ್ವ ಒಕ್ಕೂಟದಲ್ಲಿ ಎಲ್ಲರ ಬಾಯಲ್ಲೂ ಅವರು ಹಲಗೆ ತಾತ. ಒಕ್ಕೂಟದ ವಿಚಾರಣಾಧಿಕಾರಿಗೆ ಮಾತ್ರ ಅಪ್ಪ.

ಬದಲಿ ಪೆಟ್ಟಿಗೆಯೊಂದು ಹೇಗೂ ಇತ್ತು. ಇದನ್ನಿನ್ನು ಬಿಚ್ಚಿ ನೋಡಬಹುದು. ಅಧಿಕಾರಿ ಒಂದೊಂದೇ ಹಲಗೆ ಎತ್ತಿದಳು. ಎಲ್ಲದರಲ್ಲೂ ಎಲೆಗಳು ಯಂತ್ರ ಉದುರಿಸಿದ ಹಾಗೆ ಕಲಸುಮೇಲೋಗರ. ಹದಿನೇಳನೆಯದಕ್ಕೆ ಬಂದಾಗ ಕೈ ನಿಂತಿತು. ಅದರ ಎಲೆಗಳನ್ನು ಮಾತ್ರ ಯಾರೋ ಆಟೀನು, ಡೈಮಂಡ್, ಇಸ್ಪೀಟು, ಕಳಾವರ್ ಎಂದು ಜಾತಿವಾರು ಜೋಡಿಸಿಟ್ಟಿದ್ದರು. ಅವಳು ಎರಡು ಸಲ ನೋಡಿದಳು. ಇದ್ದ ಹಾಗೆಯೇ ಗೂಡಿಗೆ ಸೇರಿಸಿದಳು.

"ಏನಮ್ಮಾ, ಏನಾದ್ರೂ ಸಿಕ್ತಾ?" ಎಂದರು ಒಕ್ಕೂಟದ ಅಧ್ಯಕ್ಷರು.

"ಹದಿನೇಳನೇದನ್ನ ಯಾರೋ ನೋಡಿ ಜೋಡಿಸಿಟ್ಟಿದಾರೆ ಸಾರ್. ಅಷ್ಟೇ."

"ಯಾರೋ ಅಂದ್ರೆ? ಇವತ್ತು ಫೈನಲ್ ಆಡಬೇಕಿರೋ ಆ ಪೋಸ್ಟ್‌ಮ್ಯಾನ್ ಎಂಟು ಗಂಟೆಗೆ ಇದೇ ಕಾರಿಡಾರಿನಲ್ಲಿ ಸುಳಿದಾಡ್ತಿದ್ನಂತೆ. ಕಾವಲಿನವನು ಕಣ್ಣಾರೆ ಕಂಡಿದಾನೆ. ಹತ್ತೂವರೆಗೆ ಮೈಕಿನಲ್ಲಿ ಹೇಳಿಬಿಡ್ತೀನಿ. ಆಜೀವ ನಿಷೇಧ!"

ಪೋಸ್ಟ್‌ಮ್ಯಾನನನ್ನು ಕರೆತಂದರು. ಮನೆಮನೆಗೆ ಕಾಗದ ಹಂಚುತ್ತಲೇ ಆಟ ಕಲಿತು, ಮೊದಲ ಬಾರಿ ಫೈನಲ್ ಮುಟ್ಟಿದ್ದವನು. ಎದೆಯ ಮೇಲಿನ ಬ್ಯಾಡ್ಜು ಕಿತ್ತುಕೊಂಡರು. ಚೀಲವನ್ನು ಮೇಜಿನ ಮೇಲೆ ಸುರಿದರು. ಟವೆಲ್ಲು, ಬಾಚಣಿಗೆ, ಹಿಮ್ಮಡಿ ತೂತಾದ ಒಂದು ಜೊತೆ ಕಾಲುಚೀಲ. ಅವನು ಆ ತೂತಿನ ಮೇಲೆ ಮೆಲ್ಲನೆ ಅಂಗೈ ಇಟ್ಟ.

"ಒಂದು ಹಲಗೆಯ ಎಲೆಗಳನ್ನ ಯಾರೋ ಜೋಡಿಸಿಟ್ಟಿದಾರೆ. ಎಂಟು ಗಂಟೆಗೆ ನಿಮಗಿಲ್ಲೇನು ಕೆಲಸ?" ಅಧಿಕಾರಿ ಕೇಳಿದಳು.

"ಹೆಂಡತಿಗೆ ಫೋನ್ ಮಾಡ್ತಿದ್ದೆ ಮೇಡಂ. ರೂಮಲ್ಲಿ ಸಿಗ್ನಲ್ ಸಿಗಲ್ಲ."

"ಬಾಗಿಲು ತೆಗೆದಿತ್ತಾ?"

"ಮುಚ್ಚಿತ್ತು. ಒಳಗ್ಯಾರೋ ಪದ್ಯ ಗುನುಗ್ತಿದ್ರು."

"ಕತೆ ಕಟ್ಟಬೇಡ!" ಅಧ್ಯಕ್ಷರು ಗದರಿದರು.

ಯಾವ ಪದ್ಯ? ಎಂಥ ದನಿ? — ಮುಂದಿನ ಪ್ರಶ್ನೆ ಅದೇ ಆಗಬೇಕಿತ್ತು. ಅವಳು ಕೇಳಲಿಲ್ಲ. ಮೂಲೆಯಲ್ಲಿ ಅಪ್ಪ ತಲೆ ತಗ್ಗಿಸಿ ನಿಂತಿದ್ದರು.

"ಒಂದು ಮಾತು ಮೇಡಂ," ಎಂದ ಪೋಸ್ಟ್‌ಮ್ಯಾನ್. "ಜೋಡಿಸಿಟ್ಟಿತ್ತು ಅಂತೀರಿ. ನಾವು ಆಡೋರು ಎಲೆಗಳನ್ನ ಗೂಡಿಗೆ ವಾಪಸ್ ಇಡೋ ಮುಂಚೆ ಕಲೆಸೇ ಇಡ್ತೀವಿ. ಅದೇ ಎಲೆ ಆಡೋ ಮುಂದಿನ ಮೇಜಿನವರಿಗೆ ಸುಳಿವು ಸಿಗಬಾರದಲ್ಲ? ನನ್ನ ಕೈಗೆ ಅದೆಂಥ ಚಟ ಅಂದ್ರೆ, ಒಂದು ದಿನ ಬೀದಿಯ ಕಾಗದಗಳನ್ನೂ ಕಲೆಸಿಬಿಟ್ಟೆ. ಊರೆಲ್ಲ ಪಕ್ಕದ ಮನೆ ಸುದ್ದಿ ಓದಿತು!"

ಯಾರೂ ನಗಲಿಲ್ಲ. "ಹೊರಗೆ ಕೂತಿರಿ," ಎಂದಳು ಅಧಿಕಾರಿ.

ಹತ್ತು ಇಪ್ಪತ್ತು. ಅಧ್ಯಕ್ಷರು ನಿಷೇಧದ ಪತ್ರಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ಬಾಗಿಲ ಗಾಜಿನಾಚೆ ಪೋಸ್ಟ್‌ಮ್ಯಾನ್ ಫೋನು ಹಿಡಿದು ಕೂತಿದ್ದ. ಯಾರಿಗೂ ಕರೆ ಮಾಡುತ್ತಿರಲಿಲ್ಲ. ಮನೆಗೆ ಏನೆಂದು ಹೇಳಿಯಾನು? ಅಧಿಕಾರಿಗೆ ಇನ್ನು ತಡೆಯಲಾಗಲಿಲ್ಲ.

"ಸಾರ್, ಸಹಿ ಬೇಡ. ಅವರನ್ನ ಒಳಗೆ ಕರೀರಿ."

ಪೋಸ್ಟ್‌ಮ್ಯಾನ್ ಒಳಗೆ ಬಂದ ಮೇಲೆ ಅವಳು ಹದಿನೇಳನೆಯ ಹಲಗೆಯಿಂದ ಒಂದು ಎಲೆ ಹಿರಿದು ಮುದುಕರ ಮುಂದೆ ಹಿಡಿದಳು.

"ಅಪ್ಪಾ, ಇದು ಯಾವ ಎಲೆ?"

ಅವರು ಕಣ್ಣು ಕಿರಿದು ಮಾಡಿದರು. "ಆಟೀನು ನಾಲ್ಕು."

ಅದು ಡೈಮಂಡ್ ನಾಲ್ಕು.

"ನೋಡಿ ಸಾರ್. ಆಟಗಾರನಾಗಿದ್ರೆ ಕಲೆಸಿ ಇಡ್ತಿದ್ದ. ಕದಿಯೋಕೆ ಬಂದವನಾಗಿದ್ರೆ ಮೂವತ್ತೆರಡನ್ನೂ ನೋಡ್ತಿದ್ದ. ಇಲ್ಲಿ ಒಂದೇ ಹಲಗೆ. ಅದರಲ್ಲೂ ಆಟೀನಿನ ಸಾಲಿನಲ್ಲಿ ಡೈಮಂಡ್ ನಾಲ್ಕು, ಇಸ್ಪೀಟಿನ ಮಧ್ಯೆ ಕಳಾವರ್ ಎಂಟು. ಜೋಡಿಸಿದಾರೆ ಅನ್ನೋದು ಎಲ್ಲರಿಗೂ ಕಾಣ್ತು. ತಪ್ಪಾಗಿ ಜೋಡಿಸಿದಾರೆ ಅನ್ನೋದನ್ನ ನೀವ್ಯಾರೂ ನೋಡಲಿಲ್ಲ. ಇದು ಕದ್ದು ನೋಡಿದ ಕಣ್ಣಲ್ಲ, ಕಾಣದ ಕಣ್ಣು. ಕಾವಲಿನವನಿಗೆ ಕಾಣದ ಹಾಗೆ ಒಳಗೆ ಬರೋಕೆ ಇರೋದು ಹಿಂಬಾಗಿಲು, ಅದರ ಬೀಗದ ಕೈ ಇರೋದೂ ಒಬ್ಬರ ಹತ್ತಿರವೇ. ಕೆಲಸ ಮಾಡ್ತಾ ಪದ್ಯ ಗುನುಗೋರೂ ಅವರೊಬ್ಬರೇ."

ಮುದುಕರು ಕುರ್ಚಿ ತಡವಿ ಕೂತರು.

"ಮುಂದಿನ ತಿಂಗಳು ಒಕ್ಕೂಟದವರ ಕಣ್ಣಿನ ಪರೀಕ್ಷೆ, ಫೇಲಾದ್ರೆ ಈ ಕೆಲಸ ಹೋಗುತ್ತೆ. ಈ ಸಲ ಹೊಸ ಅಚ್ಚಿನ ಎಲೆ, ಗುರುತು ಸಣ್ಣ. ಕಾಣುತ್ತೋ ಇಲ್ಲವೋ ನೋಡಿಕೊಳ್ಳೋಣ ಅಂದ್ರೆ, ಇದ್ದ ಕಟ್ಟೆಲ್ಲ ಮೊಹರು ಹಾಕಿದ ಪೆಟ್ಟಿಗೆ ಸೇರಿತ್ತು. ಒಂದೇ ಒಂದು ಹಲಗೆ ಅಂತ ತೆಗೆದೆ. ಜೋಡಿಸಿ ಮುಗಿಸೋ ಹೊತ್ತಿಗೆ ಹೊರಗೆ ಫೋನಿನ ಮಾತು ಕೇಳ್ತು. ಗಾಬರಿಯಲ್ಲಿ ತುರುಕಿಬಿಟ್ಟೆ." ಅವರು ಪೋಸ್ಟ್‌ಮ್ಯಾನನತ್ತ ಕೈಮುಗಿದರು. "ನಿಮ್ಮ ಚೀಲ ಸುರಿದಾಗಲಾದ್ರೂ ಬಾಯಿ ಬಿಡಬೇಕಿತ್ತು. ಮೇಲಿರೋನು ನೋಡ್ತಾನೆ ಅಂತ ಇವಳಿಗೆ ಹೇಳಿಕೊಟ್ಟವನೇ ನಾನು."

ಅಧ್ಯಕ್ಷರು ನಿಷೇಧದ ಪತ್ರವನ್ನು ಎರಡಾಗಿ ಹರಿದರು. "ಅಂತೂ ಈಗಲಾದ್ರೂ ಗೊತ್ತಾಯ್ತಲ್ಲ."

"ಈಗಲ್ಲ ಸಾರ್," ಎಂದಳು ಅಧಿಕಾರಿ. "ಒಂಬತ್ತಕ್ಕೇ ಗೊತ್ತಾಯ್ತು. ಅಪ್ಪ ಮನೇಲಿ ಉಪ್ಪಿಗೂ ಸಕ್ಕರೆಗೂ ಡಬ್ಬಿ ತಡಕೋದನ್ನ ದಿನಾ ನೋಡೋಳು ನಾನು. ಆ ಡೈಮಂಡ್ ಕಂಡ ಕೂಡಲೇ ಗೊತ್ತಾಯ್ತು. ಗೊತ್ತಿದ್ದೂ ಇವರನ್ನ ಕಳ್ಳನ ಹಾಗೆ ಕೇಳಿದೆ. ವರದಿಯಲ್ಲಿ ಒಬ್ಬರಲ್ಲ, ಇಬ್ಬರು ತಪ್ಪಿತಸ್ಥರು."

ಅವಳು ಬ್ಯಾಡ್ಜನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಪೋಸ್ಟ್‌ಮ್ಯಾನ್ ತೆಗೆದುಕೊಂಡ. ಅವಳು ಮೇಜಿನತ್ತ ಬಾಗಿ ಟವೆಲ್ಲು ಮಡಿಸಿದಳು, ಬಾಚಣಿಗೆ ಚೀಲಕ್ಕೆ ಹಾಕಿದಳು, ಕಾಲುಚೀಲಕ್ಕೆ ಕೈ ಚಾಚಿದಳು.

"ಬಿಡಿ ಮೇಡಂ," ಎಂದ ಅವನು, ಮೆತ್ತಗೆ. "ಅದನ್ನ ನಾನೇ ಎತ್ಕೋತೀನಿ."